ತಿಮೊಫೇಯ್‌ನ ಗೆಲುವೂ ಗಸಗಸೆ ಪಾಯಸವೂ

ಸೈಕಲ್ ರೇಸಿನ ತಂಡದಲ್ಲಿ ಕೆಲಸಕ್ಕಿದ್ದೆ ಎಂದು ಹೇಳಿದರೆ ಜನ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡುತ್ತಾರೆ. ಗಿಡ್ಡ ಹೆಂಗಸು, ದಪ್ಪ ಕನ್ನಡಕ, ನೆರೆತ ತುರುಬು. ಆಮೇಲೆ ಅನುಮಾನಿಸುತ್ತ ಕೇಳುತ್ತಾರೆ, "ನೀವು ಸೈಕಲ್ ಹೊಡೀತಿದ್ರಾ ಆಂಟಿ?" ಇಲ್ಲ, ಹೊಡೆಯುತ್ತಿರಲಿಲ್ಲ. ಹೊಡೆಯುವವರ ಕಾಲು ಒತ್ತುತ್ತಿದ್ದೆ, ಅವರ ಕಾಲುಚೀಲ ಒಗೆಯುತ್ತಿದ್ದೆ, ಬಾಟಲಿ ತುಂಬುತ್ತಿದ್ದೆ, ಅನ್ನ ಬೇಯಿಸುತ್ತಿದ್ದೆ, ವ್ಯಾನು ಓಡಿಸುತ್ತಿದ್ದೆ, ಅವರು ಬಿದ್ದಾಗ ಗಾಯದೊಳಗಿನ ಮರಳು ಆರಿಸಿ ತೆಗೆಯುತ್ತಿದ್ದೆ. ಈ ಕೆಲಸಕ್ಕೆ ಫ್ರೆಂಚ್ ಭಾಷೆಯಲ್ಲಿ ಸ್ವಾನ್ಯೂರ್ ಎಂಬ ಚೆಂದದ ಹೆಸರಿದೆ. ನಮ್ಮ ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ಆಕೆ, "ಅಂದ್ರ ಗಂಡಸರ ಬಾಣಂತನ ಮಾಡ್ತಿ ಅನ್ನು" ಎಂದಿದ್ದಳು. ಅದಕ್ಕಿಂತ ಸರಿಯಾದ ಅನುವಾದ ನನಗೆ ಇಂದಿಗೂ ಸಿಕ್ಕಿಲ್ಲ.

ಅಮೆರಿಕದ ಡಾಲಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಓದುತ್ತಿರುವ ಹಾಸನದ ಹುಡುಗಿ ನಫೀಸಾಗೆ ಈಗ ಇಂಥದೇ ಒಂದು ತಂಡದಲ್ಲಿ ಕೆಲಸ ಸಿಕ್ಕಿದೆ. "ಆಂಟಿ, ಮೂಳೆ ಎಲ್ಲಿದೆ, ಸ್ನಾಯು ಎಲ್ಲಿದೆ ಅಂತ ಕಾಲೇಜಲ್ಲಿ ಹೇಳ್ಕೊಟ್ಟಿದಾರೆ. ಕೆಲ್ಸ ಹೇಗಿರುತ್ತೆ ಅಂತ ಯಾರೂ ಹೇಳಿಲ್ಲ" ಎಂದಳು. ಅದಕ್ಕೇ ಬರೆಯಲು ಕೂತಿದ್ದೇನೆ. ಆದರೆ ಕೆಲಸದ ವಿಷಯ ಹೇಳಲು ಹೊರಟರೆ ಒಬ್ಬ ಮನುಷ್ಯನ ವಿಷಯವೇ ಮತ್ತೆ ಮತ್ತೆ ಬರುತ್ತದೆ. ಆತ ತಿಮೊಫೇಯ್, ರಷ್ಯಾದ ಸೈಕಲ್ ಪಟು. ಹೊಟ್ಟೆಪಾಡಿಗಾಗಿ ಸೈಕಲ್ ತುಳಿದವನು.

ನನ್ನ ಹೆಸರು ಇಂದುಮತಿ. ಹುಟ್ಟಿದ್ದು ವಿಜಾಪುರ ಜಿಲ್ಲೆಯ ಇಂಡಿಯಲ್ಲಿ. ಅಮೆರಿಕದವರ ಬಾಯಲ್ಲಿ ಇಂದುಮತಿ ನಿಲ್ಲಲಿಲ್ಲ. "ಇಂಡಿ" ಎಂದು ಕರೆದರು. ಹೀಗೆ ಸಮುದ್ರ ದಾಟಿ ಬಂದ ಮೇಲೆ ನಾನು ನಮ್ಮೂರೇ ಆಗಿಬಿಟ್ಟೆ. ನಮ್ಮ ಕಡೆ ಸೈಕಲ್ ರೇಸೆಂದರೆ ಹುಚ್ಚು. ನನ್ನ ಇಬ್ಬರು ಅಣ್ಣಂದಿರು ಸೊಲ್ಲಾಪುರ ರಸ್ತೆಯಲ್ಲಿ ಲಾರಿಗಳ ಬೆನ್ನು ಹತ್ತಿ ತುಳಿದು ಬಂದು ಪಡಸಾಲೆಯಲ್ಲಿ ಅಂಗಾತ ಬಿದ್ದರೆ, ಕುಸುಬಿ ಎಣ್ಣೆ ಬಿಸಿ ಮಾಡಿ ಅವರ ಮೀನಖಂಡ ತಿಕ್ಕುವುದು ನನ್ನ ಪಾಲಿಗೆ ಬರುತ್ತಿತ್ತು. ಮುಂದೆ ಫಿಜಿಯೋಥೆರಪಿ ಕಲಿತು ಆಸ್ಪತ್ರೆಯಲ್ಲಿ ಕೆಲಸ ಮಾಡಿದೆ. ಪತಿ ಗುರುನಾಥರಿಗೆ ಹ್ಯೂಸ್ಟನ್‌ನಲ್ಲಿ ತೈಲ ಕಂಪನಿಗಳೆಲ್ಲ ಇರುವ ಎನರ್ಜಿ ಕಾರಿಡಾರ್‌ನಲ್ಲಿ ಕೆಲಸವಾಗಿ ಇಲ್ಲಿಗೆ ಬಂದಾಗ ನನ್ನ ಪದವಿ ಇಲ್ಲಿ ನಡೆಯಲಿಲ್ಲ. ಮಸಾಜ್ ಲೈಸೆನ್ಸ್ ತೆಗೆದುಕೊಂಡೆ. ಆ ಪದ ಕೇಳಿದ ಪರಿಚಯದವರು ಮುಖ ಹುಳ್ಳಗೆ ಮಾಡಿಕೊಂಡರು. ಗುರುನಾಥರು ಮಾತ್ರ, "ವಿಜಾಪುರದಾಗ ಒತ್ತಿದ್ರೂ ಕಾಲ, ಇಲ್ಲಿ ಒತ್ತಿದ್ರೂ ಕಾಲ. ನೀ ಹೋಗು" ಎಂದರು.

ನನ್ನ ಸಂದರ್ಶನ ನಡೆದದ್ದು ಆಸ್ಟಿನ್‌ನಲ್ಲಿ, ತಂಡದ ಗ್ಯಾರೇಜಿನಲ್ಲಿ. ತಂಡದ ಮುಖ್ಯಸ್ಥ ಡೇಲ್ ಆರೂವರೆ ಅಡಿಯ ಟೆಕ್ಸಸ್ ಆಳು. ತಲೆಯ ಮೇಲಿನ ಟೋಪಿಯನ್ನು ಆತ ಸ್ನಾನಕ್ಕಾದರೂ ತೆಗೆಯುತ್ತಾನೋ ಇಲ್ಲವೋ ಎಂದು ಹುಡುಗರು ಬಾಜಿ ಕಟ್ಟುತ್ತಿದ್ದರು. ನನ್ನ ಕಾಗದಪತ್ರ ಏನೂ ನೋಡದೆ ಪ್ಯಾಂಟು ಮಡಚಿ ಮಂಡಿ ಮುಂದಕ್ಕೆ ಚಾಚಿದ. "ಮ್ಯಾಮ್, ಇದಕ್ಕೇನಾಗಿದೆ ಹೇಳಿ." ನಾನು ಒತ್ತಿ, ತಿರುವಿ, "ತೊಂದರೆ ಮಂಡಿಯಲ್ಲಿಲ್ಲ, ಸೊಂಟದಲ್ಲಿದೆ" ಎಂದು ಬಹಳ ಗಂಭೀರವಾಗಿ ಹೇಳಿದೆ. ಆತನಿಗೆ ಮೆಚ್ಚುಗೆಯಾಯಿತು. ಮಂಡಿಯಲ್ಲೇ ತೊಂದರೆ ಇತ್ತೆಂದು ಆಮೇಲೆ ಎಕ್ಸ್‌ರೇಯಲ್ಲಿ ಗೊತ್ತಾಯಿತು. ಅಷ್ಟರಲ್ಲಿ ನನಗೆ ಕೆಲಸ ಸಿಕ್ಕಿತ್ತು.

ತಿಮೊಫೇಯ್‌ನನ್ನು ಹ್ಯೂಸ್ಟನ್ ವಿಮಾನ ನಿಲ್ದಾಣದಿಂದ ಕರೆತರಲು ಹೋದವಳು ನಾನೇ. ಬೇಸಿಗೆಯ ನಡುಹಗಲು. ಉದ್ದ ಮುಖ, ಬೋಳಿಸಿದ ತಲೆ, ಸೈಕಲ್ ಇಟ್ಟ ದೊಡ್ಡ ಪೆಟ್ಟಿಗೆ, ಬಟ್ಟೆ ಇಟ್ಟ ಸಣ್ಣ ಚೀಲ. ಬಾಗಿಲು ತೆರೆದು ಹೊರಗೆ ಕಾಲಿಟ್ಟವನು ಗಕ್ಕನೆ ನಿಂತು, ವಾಪಸು ಒಳಗೆ ಹೋಗಿ, ಮತ್ತೊಮ್ಮೆ ಹೊರಬಂದ. "ಇದು ಗಾಳಿಯಾ?" ಎಂದು ಕೇಳಿದ. "ಹೌದು." "ಇದನ್ನೇ ಉಸಿರಾಡೋದಾ?" "ಹೌದು." "ಸರಿ" ಎಂದು ಪೆಟ್ಟಿಗೆ ಎತ್ತಿಕೊಂಡ. ಆತನ ಇಂಗ್ಲಿಷಿನಲ್ಲಿ ಇಟಲಿಯ ಪದಗಳು ಧಾರಾಳವಾಗಿದ್ದವು. ನನ್ನದರಲ್ಲಿ ವಿಜಾಪುರ ಇತ್ತು. ನಮ್ಮಿಬ್ಬರಿಗೂ ಅರ್ಥವಾಗುತ್ತಿತ್ತು, ನಡುವೆ ನಿಂತ ಅಮೆರಿಕದವರಿಗೆ ಆಗುತ್ತಿರಲಿಲ್ಲ.

ಮಸಾಜ್ ಮೇಜಿನ ಮೇಲೆ ಬೋರಲು ಮಲಗಿದ ಮನುಷ್ಯ ತನ್ನ ಇಡೀ ಜೀವನ ಹೇಳುತ್ತಾನೆ. ಮುಖ ಕಾಣುವುದಿಲ್ಲವಲ್ಲ, ಅದಕ್ಕೆ. ಈ ಕೆಲಸಕ್ಕೆ ಬರುವವರು ಮೊದಲು ಕಲಿಯಬೇಕಾದದ್ದು ಕೇಳಿಸಿಕೊಳ್ಳುವುದು, ಆಮೇಲೆ ಅದನ್ನು ಹೊರಗೆ ಹೇಳದಿರುವುದು. ತಿಮೊಫೇಯ್‌ನ ಅನುಮತಿ ಪಡೆದೇ ಇಷ್ಟನ್ನು ಬರೆಯುತ್ತಿದ್ದೇನೆ. ತಿಮೊಫೇಯ್ ವೋಲ್ಗಾ ದಂಡೆಯ ಒಂದು ಕಾರ್ಖಾನೆ ಊರಿನವನು. ಚಳಿಗಾಲದಲ್ಲಿ ರಸ್ತೆಯೆಲ್ಲ ಹಿಮ. ಆದ್ದರಿಂದ ಅಲ್ಲಿಯ ಮಕ್ಕಳು ಕ್ರೀಡಾಶಾಲೆಯ ಉದ್ದನೆಯ ಓಣಿಯಲ್ಲಿ, ಉರುಳೆಗಳ ಮೇಲೆ ಸೈಕಲ್ ನಿಲ್ಲಿಸಿ, ಗೋಡೆ ನೋಡುತ್ತ ತುಳಿಯುತ್ತಿದ್ದರು. ಹಾಗೆ ಗೋಡೆ ನೋಡುತ್ತ ತುಳಿದವನು ಇಟಲಿಗೆ ಹೋದ, ಸ್ಪೇನಿಗೆ ಹೋದ, ದೊಡ್ಡ ದೊಡ್ಡ ತಂಡಗಳಲ್ಲಿ ವರ್ಷಗಟ್ಟಲೆ ದುಡಿದ. ಆದರೆ ವೃತ್ತಿಪರನಾದ ಮೇಲೆ ಒಂದೇ ಒಂದು ರೇಸನ್ನೂ ಗೆದ್ದಿರಲಿಲ್ಲ.

ಇದನ್ನು ಕೇಳಿ ನಾನು ಅಯ್ಯೋ ಎಂದೆ. ಆತ ಮೇಜಿನಿಂದ ತಲೆ ಎತ್ತಿ, "ಯಾಕೆ ಅಯ್ಯೋ? ಗೆಲ್ಲೋದು ನನ್ನ ಕೆಲಸ ಅಲ್ಲ, ಇಂಡಿ" ಎಂದ.

ನಿಜಕ್ಕೂ ಆತನ ಕೆಲಸ ಬೇರೆಯಿತ್ತು. ಸೈಕಲ್ ತಂಡದಲ್ಲಿ ಗೆಲ್ಲುವವನು ಒಬ್ಬ. ಉಳಿದವರು ಅವನನ್ನು ಗೆಲ್ಲಿಸುವವರು. ಅವನ ಮುಂದೆ ತುಳಿದು ಎದುರುಗಾಳಿ ತಡೆಯಬೇಕು, ಹಿಂದೆ ಬರುವ ಕಾರಿನಿಂದ ನೀರು ತಂದು ಕೊಡಬೇಕು, ಅವನ ಚಕ್ರ ಪಂಕ್ಚರ್ ಆದರೆ ತನ್ನ ಚಕ್ರ ಬಿಚ್ಚಿಕೊಟ್ಟು ರಸ್ತೆ ಬದಿಯಲ್ಲಿ ನಿಲ್ಲಬೇಕು. ತಿಮೊಫೇಯ್ ಇದರಲ್ಲಿ ಪಳಗಿದವನು. ಯುರೋಪಿನ ತಂಡ ಮುಚ್ಚಿಹೋದ ಮೇಲೆ, ಕಾಲಲ್ಲಿ ಇನ್ನೂ ಒಂದಿಷ್ಟು ವರ್ಷಗಳಿವೆ ಎಂದು ಟೆಕ್ಸಸ್‌ಗೆ ಬಂದಿದ್ದ.

ನನ್ನ ಮೊದಲ ಪ್ರಮಾದಕ್ಕೆ ಸಿಕ್ಕವನೂ ಅವನೇ. ರೇಸಿನ ನಡುವೆ ರಸ್ತೆ ಬದಿ ನಿಂತು, ಬಾಣದಂತೆ ಬರುವ ಸವಾರನಿಗೆ ಬಾಟಲಿ ಕೊಡಬೇಕು. ಡೇಲ್ ನನಗೆ ಹೇಳಿದ್ದು ಒಂದೇ ಮಾತು, "ಗಟ್ಟಿಯಾಗಿ ಹಿಡ್ಕೊಳ್ಳಿ, ಬೀಳಿಸ್ಬೇಡಿ." ಗಟ್ಟಿಯಾಗಿಯೇ ಹಿಡಿದಿದ್ದೆ. ತಿಮೊಫೇಯ್ ಬಂದು ಬಾಟಲಿ ಹಿಡಿದ, ನಾನು ಬಿಡಲಿಲ್ಲ. ಆತನ ಕೈ ನನ್ನ ಕಡೆಗೂ ಸೈಕಲ್ ಆಸ್ಟಿನ್ ಕಡೆಗೂ ಹೋಯಿತು. ಹೇಗೋ ಬೀಳದೆ ಸಂಭಾಳಿಸಿಕೊಂಡ. ಸಂಜೆ ಗ್ಯಾರೇಜಿನ ಹಿಂದೆ ನನ್ನನ್ನು ನಿಲ್ಲಿಸಿ, ತಾನೇ ಮತ್ತೆ ಮತ್ತೆ ಸೈಕಲ್ ಮೇಲೆ ಹಾದುಹೋಗುತ್ತ ಕಲಿಸಿದ. "ಎರಡು ಬೆರಳು ಸಾಕು, ಇಂಡಿ. ಕೊಡೋಕೆ ಹೋಗಬೇಡಿ. ಸುಮ್ಮನೆ ಹಿಡಿದು ನಿಂತಿರಿ. ನಾವು ತಗೊಂಡು ಹೋಗ್ತೀವಿ."

ಎರಡನೆಯದು ಡಾಲಸ್‌ನಲ್ಲಿ. ಪಟ್ಟಣದ ನಡುವೆ ಅದದೇ ಬೀದಿಗಳನ್ನು ಗಿರಗಿರನೆ ಸುತ್ತುವ ರೇಸು. ಕಾಂಕ್ರೀಟು ಹೆಂಚಿನಂತೆ ಕಾದಿತ್ತು. ಅಂಗಡಿಯ ಸಿಹಿನೀರು ಕುಡಿದು ಹುಡುಗರ ಹೊಟ್ಟೆ ಕೆಡುತ್ತಿದೆ ಎಂದು, ಇಂಗು, ಜೀರಿಗೆ, ಉಪ್ಪು ಹಾಕಿದ ಮಜ್ಜಿಗೆಯನ್ನು ಬಾಟಲಿಗೆ ತುಂಬಿ ತಂದಿದ್ದೆ. ಬಿಸಿಲಿಗೆ ಅದು ಹುಳಿಯೇರಿ ಒಳಗೊಳಗೇ ಉಬ್ಬಿತ್ತು. ನಮ್ಮ ಮುಖ್ಯ ಸವಾರ ಕೋಡಿ, ಡಾಲಸ್‌ನದೇ ಓಕ್ ಕ್ಲಿಫ್ ಕಡೆಯ ಎಳೆಯ ಹುಡುಗ, ಹಲ್ಲಿನಿಂದ ಮುಚ್ಚಳ ಎಳೆದದ್ದೇ ತಡ, ಢಬ್ ಎಂದು ಮಜ್ಜಿಗೆ ಅವನ ಮುಖ, ಕನ್ನಡಕ, ಹಿಂದೆ ಬರುತ್ತಿದ್ದವರ ಎದೆ, ಎಲ್ಲೆಲ್ಲೂ ಸಿಡಿಯಿತು. ಇಂಗಿನ ವಾಸನೆಗೆ ಎದುರು ತಂಡದವನೊಬ್ಬ ಗ್ಯಾಸ್ ಸೋರುತ್ತಿದೆ ಎಂದು ಕೂಗಿದ. ಡೇಲ್ ನನ್ನನ್ನು ಏನೂ ಬಯ್ಯಲಿಲ್ಲ. "ಮ್ಯಾಮ್, ಇನ್ಮೇಲೆ ಬಾಟಲಿಗೆ ನೀರು" ಎಂದ, ಅಷ್ಟೇ. ಆದರೆ ನನ್ನ ಶೇಂಗಾ ಉಂಡಿ ಗೆದ್ದಿತು. ಬೆಲ್ಲ ಹಾಕಿ ಕಟ್ಟಿ, ಬೆಳ್ಳಿ ಹಾಳೆಯಲ್ಲಿ ಸುತ್ತಿ ಜೇಬಿಗಿಟ್ಟರೆ ರೇಸಿನ ನಡುವೆ ಬೇರೆ ತಂಡದವರೂ ಕೈ ಚಾಚುತ್ತಿದ್ದರು.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಡೇಲ್ ಮೊದಲು ಬೆರಳು ಒದ್ದೆ ಮಾಡಿ ಎತ್ತಿ ಗಾಳಿ ನೋಡುತ್ತಿದ್ದ, ಸವಾರನ ಮುಖ ನೋಡಿ ದಣಿವು ಅಳೆಯುತ್ತಿದ್ದ. ಆಮೇಲೆ ಪೆಡಲಿನ ಮೇಲೆ ಬೀಳುವ ಬಲವನ್ನು ಅಂಕಿಯಲ್ಲಿ ತೋರಿಸುವ ಮೀಟರು ಬಂತು. ಹುಡುಗರು ರಸ್ತೆ ಬಿಟ್ಟು ಅಂಕಿ ನೋಡತೊಡಗಿದರು. ತಿಮೊಫೇಯ್ ಆ ಪುಟ್ಟ ಪರದೆಯ ಮೇಲೆ ಅಂಟುಪಟ್ಟಿ ಹಚ್ಚಿಬಿಟ್ಟ. "ನನಗೆ ನೋವಾದಾಗ ನನಗೇ ಗೊತ್ತಾಗುತ್ತೆ" ಎನ್ನುತ್ತಿದ್ದ. ಆದರೂ ಮೀಟರು ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಹೊಸಬರಿಗೆ ಹುಂಬತನ ಮಾಡದಂತೆ ಕಾಪಾಡುತ್ತದೆ. ಸೆಕೆಗೆ ಕಂಡುಕೊಂಡ ಉಪಾಯವಂತೂ ನನಗೆ ಬಹಳ ಇಷ್ಟ. ಹೆಂಗಸರ ತೆಳ್ಳನೆಯ ಉದ್ದ ಕಾಲುಚೀಲಗಳಲ್ಲಿ ಐಸು ತುಂಬಿ, ಗಂಟು ಹಾಕಿ, ಸವಾರನ ಕುತ್ತಿಗೆಯ ಹಿಂದೆ ಅಂಗಿಯೊಳಗೆ ಇಳಿಬಿಡುವುದು. ಅದಕ್ಕಾಗಿ ನಾನು ಅಂಗಡಿಯಲ್ಲಿದ್ದ ಕಾಲುಚೀಲವನ್ನೆಲ್ಲ ಗಾಡಿಗೆ ತುಂಬಿದ್ದನ್ನು ಕಂಡು ಕೌಂಟರಿನ ಹುಡುಗಿ, "ಎಷ್ಟು ಜನ ಹೆಣ್ಣುಮಕ್ಕಳು ನಿಮಗೆ?" ಎಂದು ಕೇಳಿದ್ದಳು. "ಎಲ್ಲಾ ಗಂಡುಮಕ್ಕಳು" ಎಂದು ಹೇಳಿ ಬಂದೆ.

ಡಾಲಸ್‌ನದೇ ಇನ್ನೊಂದು ರೇಸಿನಲ್ಲಿ ಕೋಡಿಯ ಎದುರು ಯಾರೋ ಜಾರಿದರು. ಹಿಂದಿದ್ದ ತಿಮೊಫೇಯ್ ಕೋಡಿಯ ಮೇಲೆ ಬೀಳುವುದನ್ನು ತಪ್ಪಿಸಲು ಪಕ್ಕದ ಕಬ್ಬಿಣದ ಬೇಲಿಗೆ ಗುದ್ದಿದ. ಹೆಗಲಿನ ಕೊರಳೆಲುಬು ಮುರಿಯಿತು. ಒಂಟಿ ಮನುಷ್ಯ, ಒಂದು ಕೈ ಕಟ್ಟಿಹಾಕಿದ್ದಾರೆ, ಅಂಗಿ ಗುಂಡಿ ಹಾಕುವವರಿಲ್ಲ. ಗುರುನಾಥರು, "ಮನಿಗೇ ಕರಕೊಂಡ್ ಬಾ" ಎಂದರು. ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನ ನಮ್ಮ ಮನೆಯ ಮೇಲಿನ ಕೋಣೆ ಆತನದಾಯಿತು. ತಿಮೊಫೇಯ್ ಎಂಬ ಹೆಸರು ಒಂದೇ ವಾರದಲ್ಲಿ ತಿಮ್ಮಣ್ಣ ಆಯಿತು. ಒಂದೇ ಕೈಯಲ್ಲಿ ರೊಟ್ಟಿ ಮುರಿಯುವುದನ್ನು ನಮ್ಮವರಿಗಿಂತ ಚೆನ್ನಾಗಿ ಕಲಿತ. ನನ್ನ ಮಗಳು ಅನಘಾಳನ್ನು ನಾವು ಕನ್ನಡದಲ್ಲಿ ಕೇಳಿದರೆ ಉತ್ತರ ಇಂಗ್ಲಿಷಿನಲ್ಲಿ. ತಿಮ್ಮಣ್ಣ ಮಾತ್ರ ಮೆಟ್ಟಿಲಿಳಿಯುತ್ತಲೇ, "ಚಹಾ ಆತೇನ್ರಿ?" ಎನ್ನುತ್ತಿದ್ದ. ಗುರುನಾಥರು ಮಗಳ ಕಡೆ ನೋಡಿ, "ಕೇಳವ್ವಾ, ರಷ್ಯಾದಾಂವ ಹ್ಯಾಂಗ ಮಾತಾಡ್ತಾನ" ಎಂದು ಕೆಣಕುತ್ತಿದ್ದರು. ಎಲುಬು ಕೂಡಿದ ಮೇಲೂ ಆತ ಆ ಕೋಣೆ ಬಿಡಲಿಲ್ಲ. ನಾವೂ ಬಿಡಿಸಲಿಲ್ಲ.

ಆ ದಿನಗಳಲ್ಲಿ ರಷ್ಯಾದ ಕ್ರೀಡಾಪಟುಗಳ ನಿಷೇಧಿತ ಮದ್ದಿನ ಸುದ್ದಿ ಟಿವಿಯಲ್ಲಿ ಬರುತ್ತಲೇ ಇತ್ತು. ತಿಮ್ಮಣ್ಣನ ಬಗ್ಗೆ ಯಾರೂ ಬೆರಳು ತೋರಿಸಿರಲಿಲ್ಲ, ಆದರೆ ರಷ್ಯಾದವನು ಎಂದೊಡನೆ ಜನರ ಹುಬ್ಬು ಒಂಚೂರು ಮೇಲೇರುತ್ತಿತ್ತು. ಮದ್ದು ಪರೀಕ್ಷೆಯವರು ಯಾವ ಬೆಳಿಗ್ಗೆ ಬೇಕಾದರೂ ನಮ್ಮ ಮನೆ ಗಂಟೆ ಒತ್ತಿ ಮೂತ್ರದ ಮಾದರಿ ತೆಗೆದುಕೊಂಡು ಹೋಗುತ್ತಿದ್ದರು. ನಾನು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದರೆ ದಾಟಿಕೊಂಡು ಒಳಗೆ ಬರುವರು. ಆತ ಗೊಣಗದೆ ಎದ್ದು ಬರುವನು. "ಬರಲಿ. ಬಂದಷ್ಟೂ ಒಳ್ಳೇದು. ನನ್ನ ಪರವಾಗಿ ಮಾತಾಡೋರು ಅವರೊಬ್ಬರೇ" ಎನ್ನುತ್ತಿದ್ದ.

ಈಗ ಪಾಯಸಕ್ಕೆ ಬರುತ್ತೇನೆ.

ಫುಲ್‌ಶೀರ್‌ನಲ್ಲಿ ಆಗ ದನಗಳಿಗಿಂತ ಹೊಸ ಮನೆಗಳೇ ಹೆಚ್ಚಾಗತೊಡಗಿದ್ದವು. ವಾರಕ್ಕೊಂದು ಗೃಹಪ್ರವೇಶ. ಆಸ್ಟಿನ್‌ನಲ್ಲಿ ಆ ವರ್ಷದ ಕೊನೆಯ ರೇಸಿನ ಹಿಂದಿನ ದಿನ ನಮ್ಮ ಬೀದಿಯ ಪದ್ಮಾ ಅವರ ಮನೆಯಲ್ಲಿ ಪೂಜೆಯಿತ್ತು. ಪದ್ಮಾ ಮೈಸೂರಿನವರು, ಊಟ ಬಡಿಸುವುದರಲ್ಲಿ ಯಾರ ಮಾತೂ ಕೇಳುವವರಲ್ಲ. ನಾನು ಅಡುಗೆಮನೆಯಲ್ಲಿ ಹೆಂಗಸರ ನಡುವೆ ಸಿಕ್ಕಿಕೊಂಡಿದ್ದೆ. ಹಜಾರದಲ್ಲಿ ತಿಮ್ಮಣ್ಣನ ಕೈಯಲ್ಲಿ ಲೋಟ. "ಇನ್ನೊಂದು ಲೋಟ ಕುಡೀರಿ, ನಾಚ್ಕೋಬೇಡಿ. ಸೈಕಲ್ ತುಳಿಯೋರಿಗೆ ಶಕ್ತಿ ಬೇಕು" ಎಂದು ಪದ್ಮಾ ಹೇಳುವುದು ಕೇಳಿಸಿತು. ಏನು ಕುಡಿಸುತ್ತಿದ್ದಾರೆಂದು ನೋಡಲಿಲ್ಲ.

ಊಟ ಮುಗಿಸಿ ವ್ಯಾನು ಹತ್ತಿ ಆಸ್ಟಿನ್ ಕಡೆ ಹೊರಟೆವು. ತಿಮ್ಮಣ್ಣ ಸೀಟು ಒರಗಿಸಿ ನಿದ್ದೆ ತೆಗೆದ. ಅರ್ಧ ದಾರಿಯಲ್ಲಿ, ಲಾ ಗ್ರೇಂಜ್ ಊರಿನ ಹತ್ತಿರ ಎದ್ದು ಮೈಮುರಿದು, "ಆ ಸಿಹಿ ಹಾಲು ಬಹಳ ಚೆನ್ನಾಗಿತ್ತು. ಮಗು ಥರ ಮಲಗಿಬಿಟ್ಟೆ. ಅದರಲ್ಲಿ ಏನಿತ್ತು?" ಎಂದು ಕೇಳಿದ.

ಪದ್ಮಾ ಅವರ ಒಲೆಯ ಮೇಲಿದ್ದ ಪಾಯಸದ ಪಾತ್ರೆ ನೆನಪಾಯಿತು. "ಕಾಯಿ, ಬೆಲ್ಲ, ಏಲಕ್ಕಿ, ಗಸಗಸೆ..."

"ಗಸಗಸೆ ಅಂದರೆ?"

ಇಂಗ್ಲಿಷ್ ಹೆಸರು ತಟ್ಟನೆ ನಾಲಿಗೆಗೆ ಬರಲಿಲ್ಲ. ಬಂದಾಗ ವ್ಯಾನಿನ ವೇಗ ಇಳಿಸಿದೆ. ಪಾಪಿ. ಅಫೀಮಿನ ಗಿಡದ ಬೀಜ. ತಿಂದರೆ ಯಾರಿಗೂ ಏನೂ ಆಗುವುದಿಲ್ಲ, ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತದೆ. ಆದರೆ ರೇಸಿನ ದಿನದ ಪರೀಕ್ಷೆಯಲ್ಲಿ ಮಾರ್ಫಿನ್ ಎಂದು ಕಾಣಿಸಿಕೊಳ್ಳಬಹುದು.

ತಿಮ್ಮಣ್ಣನಿಗೂ ಅದು ಗೊತ್ತಿತ್ತು. ಇಟಲಿಯಲ್ಲಿ ಗಸಗಸೆ ಉದುರಿಸಿದ ಬ್ರೆಡ್ಡನ್ನೂ ಮುಟ್ಟಬೇಡಿ ಎಂದು ಹೇಳಿದ್ದರಂತೆ. ಪೆಟ್ರೋಲ್ ಬಂಕಿನ ಪಕ್ಕ ವ್ಯಾನು ನಿಲ್ಲಿಸಿದೆ. ಆತ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ, "ಅಮೆರಿಕದವನು ತಿಂದು ಸಿಕ್ಕಿಬಿದ್ದರೆ ಪೇಪರಿನಲ್ಲಿ ಬ್ರೆಡ್ ಅಂತ ಬರೀತಾರೆ. ನಾನು ಸಿಕ್ಕಿಬಿದ್ದರೆ ರಷ್ಯಾ ಅಂತ ಬರೀತಾರೆ. ಪಾಯಸ ಅಂತ ಯಾರೂ ಬರೆಯೋದಿಲ್ಲ, ಇಂಡಿ."

ಪದ್ಮಾ ಅವರಿಗೆ ಫೋನ್ ಮಾಡಿ ಗಸಗಸೆ ತೊಳೆದಿದ್ದಿರಾ ಎಂದು ಕೇಳಿದೆ. ತೊಳೆದರೆ ಅಂಶ ಕಡಿಮೆಯಾಗುತ್ತದೆ ಎಂದು ಎಲ್ಲೋ ಓದಿದ ನೆನಪು. "ಅಯ್ಯೋ, ಗಸಗಸೆನ ಯಾರ್ರೀ ತೊಳೀತಾರೆ? ಹುರಿದು ಅಕ್ಕಿ ಜೊತೆ ರುಬ್ಬಿದೆ. ಯಾಕೆ, ಕಲ್ಲು ಸಿಕ್ತಾ?" ಎಂದರು. ತಂಡದ ಡಾಕ್ಟರು, ಹುರಿದು ಕುದಿಸಿದ್ದರಿಂದ ಬಹಳಷ್ಟು ಹೋಗಿರಬಹುದು, ಹೋಗದೆಯೂ ಇರಬಹುದು, ಖಚಿತವಾಗಿ ಹೇಳಲಾರೆ ಎಂದರು. ಕೊನೆಗೆ, ಸ್ಪೀಕರ್ ಹಾಕಿ, ಡೇಲ್‌ಗೆ ಫೋನ್ ಮಾಡಿದೆ.

"ಪಾಪಿ ಅಂದ್ರೆ ಬೇಗಲ್ ಬ್ರೆಡ್ ಮೇಲೆ ಉದುರಿಸಿರ್ತಾರಲ್ಲ, ಅದಾ?"

"ಅಲ್ಲಿ ಚಿಟಿಕೆಯಷ್ಟು. ಇದು ಲೋಟಗಟ್ಟಲೆ."

ಡೇಲ್ ಅತ್ತ ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ಆಮೇಲೆ, "ಯಾರಿಗೂ ಹೇಳ್ಬೇಡಿ. ಗೆದ್ದವರನ್ನ ಪರೀಕ್ಷೆ ಮಾಡ್ತಾರೆ, ಜೊತೆಗೆ ಚೀಟಿ ಎತ್ತಿ ಒಬ್ಬಿಬ್ಬರನ್ನ. ಇವನು ಹೇಗೂ ಗೆಲ್ಲೋದಿಲ್ಲ. ಕೋಡಿಯನ್ನ ಬೆಟ್ಟದ ತುದಿ ಮುಟ್ಟಿಸಿ ಹಿಂದೆ ಉಳಿದ್ರೆ ಆಯ್ತು" ಎಂದ.

ತಿಮ್ಮಣ್ಣ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡ. "ಡೇಲ್, ನಾನು ತುಳೀತೀನಿ. ಪರೀಕ್ಷೆಗೆ ಕರೆದರೆ ಹೋಗ್ತೀನಿ. ಕೇಳಿದರೆ ಪಾಯಸ ಕುಡಿದೆ ಅಂತಲೇ ಹೇಳ್ತೀನಿ" ಎಂದು ಫೋನ್ ಇಟ್ಟ.

ಮರುದಿನದ ರೇಸು ಆಸ್ಟಿನ್‌ನ ಪಶ್ಚಿಮದ ಗುಡ್ಡಗಳಲ್ಲಿ. ಅದದೇ ಏರು, ಅದದೇ ಇಳಿಜಾರು, ಬಂದವರೇ ಮತ್ತೆ ಬರುತ್ತಾರೆ. ನಾನು ಬಾಟಲಿ ಕೊಟ್ಟು ಮುಗಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಂತಿಮ ಗೆರೆಯ ಆಚೆ ನಿಂತಿದ್ದೆ. ಕೈಯಲ್ಲಿ ತಂಡದ ರೇಡಿಯೋ. ತಿಮ್ಮಣ್ಣ ಕೋಡಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಗುಂಪಿನಿಂದ ಬಿಡಿಸಿ ಮುಂದೆ ತಂದಿದ್ದಾನೆಂದು ಡೇಲ್‌ನ ದನಿಯಿಂದ ಗೊತ್ತಾಗುತ್ತಿತ್ತು. ಅವರಿಬ್ಬರ ಜೊತೆ ಬೇರೆ ತಂಡದವನೊಬ್ಬ. ಕೊನೆಯ ಸುತ್ತಿನ ಏರಿನಲ್ಲಿ ಕೋಡಿಯ ತೊಡೆ ಹಿಡಿದುಕೊಂಡಿತು. ಸ್ನಾಯು ಕಲ್ಲಾಗಿ ಕಾಲು ತಿರುಗಲೇ ಇಲ್ಲ. "ನೀನು ಹೋಗು!" ಎಂದು ಅವನು ಕಿರುಚಿದ್ದು ರೇಡಿಯೋದಲ್ಲಿ ಕೇಳಿತು.

ನಾನು ರೇಡಿಯೋವನ್ನು ಕಿವಿಗೆ ಒತ್ತಿಕೊಂಡೆ. ಸುಮ್ಮನೆ ಹಿಂದೆ ಉಳಿದರೆ ಆತ ಬಚಾವು. ಕೊನೆಗೆ ಡೇಲ್‌ನ ದನಿ, ಬಹಳ ಮೆತ್ತಗೆ, "ತಿಮ್, ನಿನಗೆ ಬಿಟ್ಟದ್ದು" ಎಂದಿತು.

ತಿರುವಿನಲ್ಲಿ ಮೊದಲು ಕಂಡದ್ದು ಎದುರು ತಂಡದವನ ಹಳದಿ ಅಂಗಿ. ಅವನ ಪಕ್ಕದಿಂದ ತಿಮ್ಮಣ್ಣ ಮೂಡಿ ಬಂದ. ಅವನ ತುಳಿತದಲ್ಲಿ ಅಂದವಿರಲಿಲ್ಲ, ತಲೆ ಕೆಳಗೆ ಹಾಕಿ ಬಾವಿಯ ರಾಟೆ ಎಳೆದಂತೆ ಎಳೆಯುತ್ತಿದ್ದ. ಗೆರೆಯನ್ನು ಒಂದು ಸೈಕಲ್‌ನಷ್ಟು ಮುಂದೆ ದಾಟಿದ. ದಾಟಿದ ಮೇಲೂ ಎರಡು ಕೈಯಲ್ಲಿ ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡೇ ಇದ್ದ. ಗೆದ್ದವರು ಕೈ ಎತ್ತುತ್ತಾರೆ. ಇವನಿಗೆ ಅಭ್ಯಾಸವಿರಲಿಲ್ಲ. ನಾನು ಅಳುತ್ತ, ಬಯ್ಯುತ್ತ, ಟವೆಲ್ಲು ಹೊದೆಸಿದೆ. "ಯಾಕ ಹೋದಿ ಮಾರಾಯಾ? ಹಿಂದ ಉಳೀಬಾರದಿತ್ತೇನು?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ.

ಆತ ಏದುಸಿರು ಬಿಡುತ್ತ, "ಮುಂದೆ ನಮ್ಮವರು ಯಾರೂ ಇರಲಿಲ್ಲ, ಇಂಡಿ. ಸಹಾಯ ಮಾಡೋಕೆ ಯಾರೂ ಉಳಿದಿರಲಿಲ್ಲ. ನಾನಿನ್ನೇನು ಮಾಡಲಿ?" ಎಂದ.

ಅಷ್ಟರಲ್ಲಿ ಪರೀಕ್ಷೆಯ ತಂಡದ ಹುಡುಗ ಬಂದು ಪಕ್ಕದಲ್ಲಿ ನಿಂತಿದ್ದ. ಗೆದ್ದವನ ನೆರಳು ಬಿಡಬಾರದೆಂಬುದು ಅವರ ನಿಯಮ. ಜೊತೆಗೊಬ್ಬರು ಹೋಗಬಹುದಾದ್ದರಿಂದ ನಾನೂ ಪರೀಕ್ಷೆಯ ಡೇರೆಯೊಳಗೆ ಹೋದೆ. ಅಧಿಕಾರಿ ಒಬ್ಬ ಹಿರಿಯ ಹೆಂಗಸು. ಮಾದರಿ ಕೊಟ್ಟು ಮುಗಿದ ಮೇಲೆ, ಇತ್ತೀಚೆಗೆ ಔಷಧಿ, ಟಾನಿಕ್ಕು ಏನಾದರೂ ತೆಗೆದುಕೊಂಡಿದ್ದೀರಾ ಎಂದು ಕೇಳಿದಳು. ಬಹಳ ಜನ ಇಲ್ಲವೆಂದು ತಲೆಯಾಡಿಸಿ ಎದ್ದುಬಿಡುತ್ತಾರೆ.

"ಗಸಗಸೆ ಪಾಯಸ" ಎಂದ ತಿಮ್ಮಣ್ಣ.

ಆಕೆ ಪೆನ್ನು ಎತ್ತಿದಳು. "ಅಕ್ಷರ ಹೇಳ್ತೀರಾ?"

ನಾನು ಹೇಳಿದೆ. ಆಕೆ ಬರೆದಳು. ಹೇಗೆ ಮಾಡುತ್ತಾರೆ ಎಂದು ಕೇಳಿದಳು. ಹುರಿಯುವುದು, ರುಬ್ಬುವುದು, ಬೆಲ್ಲ ಕರಗಿಸುವುದು, ಎಲ್ಲ ಹೇಳಿದೆ. "ತೆಂಗಿನಕಾಯಿ ಒಣಗಿದ್ದೋ ಹಸಿಯದೋ?" ಎಂದಳು. ಪರೀಕ್ಷೆಗೆ ಅದು ಬೇಕೇ ಎಂದು ಕೇಳಿದರೆ, "ಇಲ್ಲ, ನನಗೆ ಬೇಕು" ಎಂದು ಮೊದಲ ಸಲ ನಕ್ಕಳು. ಆಮೇಲೆ ಮತ್ತೆ ಗಂಭೀರವಾಗಿ, "ಹೇಳಿದ್ದು ಒಳ್ಳೇದಾಯ್ತು. ಆದರೆ ಹೇಳಿದ ಮಾತ್ರಕ್ಕೆ ಪಾರಾದಿರಿ ಅಂತ ಅಲ್ಲ" ಎಂದಳು.

ಈ ಕೆಲಸದ ಒಂದು ವಿಚಿತ್ರ ಕೇಳಿ. ಆ ಪರೀಕ್ಷೆಯಲ್ಲಿ ಪಾಸಾದರೆ ಯಾರೂ ಫೋನ್ ಮಾಡುವುದಿಲ್ಲ. ಫೇಲಾದರೆ ಮಾತ್ರ ಮಾಡುತ್ತಾರೆ. ಆದ್ದರಿಂದ ನಾವು ಕಾಯುತ್ತಿದ್ದದ್ದು ಬಾರದ ಫೋನಿಗಾಗಿ. ಮನೆಯಲ್ಲಿ ಯಾರ ಮೊಬೈಲು ಗುಂಯ್ ಎಂದರೂ ಎಲ್ಲರೂ ಬೆಚ್ಚುತ್ತಿದ್ದೆವು. ಪದ್ಮಾ ಅವರಿಗೆ ವಿಷಯ ತಿಳಿದು ಕಣ್ಣೀರು ಸುರಿಸಿದರು. "ಕೋರ್ಟಿಗೆ ಬೇಕಾದ್ರೂ ಬರ್ತೀನಿ ಇಂದು. ಅಲ್ಲೇ ಒಲೆ ಹಚ್ಚಿ ಮಾಡಿ, ಆ ಜಡ್ಜಿಗೂ ಒಂದು ಲೋಟ ಕುಡಿಸ್ತೀನಿ. ಆಮೇಲೆ ಅವನನ್ನೇ ಪರೀಕ್ಷೆ ಮಾಡ್ಲಿ" ಎಂದರು. ತಿಮ್ಮಣ್ಣನೇ ಅವರನ್ನು ಸಮಾಧಾನ ಮಾಡಬೇಕಾಯಿತು.

ತಂಡಕ್ಕೆ ಬೆಂಬಲ ಕೊಡುತ್ತಿದ್ದದ್ದು ತೈಲಬಾವಿಗಳಿಗೆ ವಾಲ್ವ್, ಅಂದರೆ ಕವಾಟ, ಮಾಡುವ ಒಂದು ಕಂಪನಿ. ಅದರ ಯಜಮಾನ ಡೇಲ್, ತಿಮ್ಮಣ್ಣ ಮತ್ತು ನನ್ನನ್ನು ಎನರ್ಜಿ ಕಾರಿಡಾರ್‌ನ ಕಚೇರಿಗೆ ಕರೆಸಿದ. ಫಲಿತಾಂಶ ಬರುವ ತನಕ ಈ ರಷ್ಯಾದವನನ್ನು ತಂಡದಿಂದ ಹೊರಗಿಡಿ, ನಮ್ಮ ಹೆಸರು ಕೆಡುವುದು ಬೇಡ ಎಂದ. ಆಗ ಡೇಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಪೂರ್ತಿ ಬೋಳು ತಲೆ. ನಾನು ನೋಡಿದ್ದು ಅದೇ ಮೊದಲು.

"ಸರ್, ಬಾಯಿ ಮುಚ್ಕೊಂಡಿರು ಅಂತ ಇವನಿಗೆ ಹೇಳಿದೋನು ನಾನು. ಹಿಂದೆ ಉಳಿದುಬಿಡು ಅಂತ ಹೇಳಿದೋನೂ ನಾನೇ. ಇವನು ಎರಡನ್ನೂ ಮಾಡ್ಲಿಲ್ಲ. ಯಾರನ್ನಾದ್ರೂ ಹೊರಗಿಡೋದಾದ್ರೆ ನನ್ನಿಂದ ಶುರು ಮಾಡಿ."

ಯಜಮಾನ ಡೇಲ್‌ನ ಮುಖವನ್ನೂ ಬೋಳು ತಲೆಯನ್ನೂ ನೋಡಿದ. "ಕಾಯೋಣ" ಎಂದ.

ಕಾದೆವು. ಒಂದು ಮಧ್ಯಾಹ್ನ ನಾನು ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದಾಗ ಅನಘಾ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಇಳಿದು ಬಂದಳು. ಸವಾರರು ತಮ್ಮ ಫಲಿತಾಂಶ ನೋಡಿಕೊಳ್ಳುವ ಕಂಪ್ಯೂಟರ್ ಪುಟವನ್ನು ತಿಮ್ಮಣ್ಣನ ಪರವಾಗಿ ದಿನವೂ ತೆರೆದು ನೋಡುತ್ತಿದ್ದವಳು ಅವಳೇ. "ಅಮ್ಮಾ, ಏನೂ ಸಿಕ್ಕಿಲ್ಲ! ಏನೂ ಸಿಕ್ಕಿಲ್ವಂತೆ!" ಎಂದು ಕೂಗಿದಳು. ಅವಳು ಕನ್ನಡದಲ್ಲಿ ಕೂಗಿದಳೆಂಬುದು ನಮಗೆ ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು. ತಿಮ್ಮಣ್ಣ ಅಂಗಳಕ್ಕೆ ಹೋಗಿ ಬಿಸಿಲಲ್ಲಿ ಸುಮ್ಮನೆ ನಿಂತ. ಸ್ವಲ್ಪ ಹೊತ್ತಾದ ಮೇಲೆ ಎರಡು ಕೈ ಮೇಲಕ್ಕೆತ್ತಿದ. ಯಾರಿಗೂ ತೋರಿಸಲೆಂದಲ್ಲ. ಅಡುಗೆಮನೆಯ ಕಿಟಕಿಯಿಂದ ನನಗೆ ಕಾಣಿಸಿತು, ಅಷ್ಟೇ.

ಮುಂದಿನ ಹಂಗಾಮಿಗೆ ತಂಡ ಉಳಿಯಲಿಲ್ಲ. ಪಾಯಸಕ್ಕೂ ಅದಕ್ಕೂ ಸಂಬಂಧವಿಲ್ಲ. ತೈಲದ ಬೆಲೆ ಬಿತ್ತು, ಕವಾಟ ಕೊಳ್ಳುವವರಿಲ್ಲದಾದರು, ಕಂಪನಿಯವರು ಸಭ್ಯವಾಗಿ ಕೈ ಮುಗಿದರು. ನಫೀಸಾಳಂಥ ಹೊಸಬರು ಇದನ್ನು ತಿಳಿದೇ ಬರಬೇಕು. ಇಲ್ಲಿ ತಂಡಗಳು ಮದುವೆ ಚಪ್ಪರದ ಹಾಗೆ. ಇರುವಷ್ಟು ದಿನ ಊರೆಲ್ಲ ಅದರಡಿ, ಬಿಚ್ಚಿದ ಮೇಲೆ ಕಂಬ ನೆಟ್ಟ ಗುಂಡಿಯೂ ಕಾಣುವುದಿಲ್ಲ. ಕೋಡಿಗೆ ಬೇರೆ ತಂಡ ಸಿಕ್ಕಿತು. ಡೇಲ್ ಶಾಲಾಮಕ್ಕಳಿಗೆ ಸೈಕಲ್ ಕಲಿಸಲು ಹೋದ. ತಿಮ್ಮಣ್ಣ ಇನ್ನು ರೇಸು ಸಾಕೆಂದು ತೀರ್ಮಾನಿಸಿದ. ತನ್ನ ಊರಿಗೆ ಮರಳಿ, ತಾನು ಗೋಡೆ ನೋಡುತ್ತ ತುಳಿದ ಅದೇ ಶಾಲೆಯಲ್ಲಿ ಕಲಿಸುವುದೆಂದು ಟಿಕೆಟ್ ತೆಗೆಸಿದ.

ಕೊನೆಯ ದಿನ ಆಸ್ಟಿನ್‌ನ ಗ್ಯಾರೇಜು ಖಾಲಿ ಮಾಡಲು ನಾವು ಮೂವರೇ ಇದ್ದೆವು. ನಾನು ಮಸಾಜ್ ಮೇಜಿನ ಕಾಲು ಮಡಚಲು ಹೋದೆ. ಆಗಲಿಲ್ಲ. ವರ್ಷಗಟ್ಟಲೆ ಒತ್ತಿ ಒತ್ತಿ ನನ್ನ ಎರಡೂ ಹೆಬ್ಬೆರಳ ಗೆಣ್ಣು ಸವೆದಿದ್ದವು. ಕೆಲವು ದಿನ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲೂ ಗುರುನಾಥರನ್ನು ಕರೆಯುತ್ತಿದ್ದೆ. ಬೇರೆ ತಂಡ ಹುಡುಕದೆ ನಾನೂ ಈ ಕೆಲಸ ಬಿಟ್ಟದ್ದಕ್ಕೆ ನಿಜವಾದ ಕಾರಣ ಅದೇ. ಯಾರಿಗೂ ಹೇಳಿರಲಿಲ್ಲ. ಈ ಕೆಲಸದಲ್ಲಿ ಎಲ್ಲರೂ ಕಾಲನ್ನು ನೋಡುತ್ತಾರೆ, ಕೈಯನ್ನು ಯಾರೂ ನೋಡುವುದಿಲ್ಲ.

ತಿಮ್ಮಣ್ಣ ಮೇಜಿನ ಅರ್ಧ ಮಡಚಿದ ಕಾಲನ್ನು ಮತ್ತೆ ಬಿಡಿಸಿ ನಿಲ್ಲಿಸಿದ. "ಕೂಡ್ರಿ" ಎಂದ. ಪೆಟ್ಟಿಗೆಯಿಂದ ಎಣ್ಣೆ ಹುಡುಕಿ ತೆಗೆದು ಅಂಗೈಗೆ ಹಾಕಿಕೊಂಡು ಬಿಸಿಯಾಗುವಂತೆ ಉಜ್ಜಿ, ನನ್ನ ಬಲಗೈ ತೆಗೆದುಕೊಂಡ. ಮುಂಗೈಯಿಂದ ಶುರುಮಾಡಿ, ಒಂದೊಂದೇ ಬೆರಳು, ಗೆಣ್ಣಿನ ಸುತ್ತ, ಹೆಬ್ಬೆರಳ ಬುಡದಲ್ಲಿ ನಿಧಾನವಾಗಿ. ಅವನ ಕಾಲಿಗೆ ನಾನು ಹೇಗೆ ಮಾಡುತ್ತಿದ್ದೆನೋ ಹಾಗೇ. ನನಗೆ ನಾಚಿಕೆಯಾಯಿತು, ನೋವಾಯಿತು, ಆಮೇಲೆ ಹಿತವಾಯಿತು. ಹೊರಗೆ ಡೇಲ್ ವ್ಯಾನು ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದ. ವಿಮಾನಕ್ಕೆ ಹೊತ್ತಾಗುತ್ತಿತ್ತು. ನಾನು ಏಳಲು ಹೋದೆ.

"ಹೊಡೀಲಿ ಬಿಡ್ರಿ" ಎಂದ ತಿಮ್ಮಣ್ಣ. "ಇನ್ನೊಂದ್ ಕೈ ಉಳದೈತಿ."